ನಾತ ಮುಚ್ಚಬೇಡಿ, ಕಳೆಯಿರಿ: ಮನೆಯ ಕೆಟ್ಟ ವಾಸನೆಗೆ ರಸಾಯನಶಾಸ್ತ್ರದ ಮದ್ದು

ಮನೆಗೆ ನೆಂಟರು ಬರುತ್ತಾರೆಂದರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಊದುಬತ್ತಿ ಹಚ್ಚುವುದು, ಇಲ್ಲವೇ ರೂಮ್ ಸ್ಪ್ರೇ ಹೊಡೆಯುವುದು. ಸ್ವಲ್ಪ ಹೊತ್ತಿಗೆ ಬಚ್ಚಲಿನ ನಾತವೂ ಮಲ್ಲಿಗೆಯ ಪರಿಮಳವೂ ಬೆರೆತು ಮೂರನೆಯದೊಂದು ವಾಸನೆ ಹುಟ್ಟುತ್ತದೆ. ಅದು ಮೊದಲಿನದಕ್ಕಿಂತ ಅಸಹ್ಯ. ಕೆಟ್ಟ ವಾಸನೆ ಹೋಗಿರುವುದಿಲ್ಲ, ಅದರ ಮೇಲೆ ಇನ್ನೊಂದು ಬಂದು ಕೂತಿರುತ್ತದೆ, ಅಷ್ಟೆ.

ವಾಸನೆ ಅಂದರೆ ಗಾಳಿಯಲ್ಲಿ ಹಾರಾಡುವ ಅಣುಗಳು. ಕಿಟಕಿ ತೆರೆದು ಹೊರಗೆ ಕಳಿಸುವುದನ್ನು ಬಿಟ್ಟರೆ, ಅವು ಮೂಗಿಗೆ ತಲುಪದಂತೆ ಮಾಡಲು ನಾಲ್ಕು ದಾರಿಗಳಿವೆ: ಹಾರಲಾಗದ ಲವಣವಾಗಿಸುವುದು, ಒಡೆದುಹಾಕುವುದು, ಹಿಡಿದಿಟ್ಟುಕೊಳ್ಳುವುದು, ಬರುವ ದಾರಿಯನ್ನೇ ಕಟ್ಟುವುದು. ಈ ನಾಲ್ಕಕ್ಕೂ ಕಳೆದ ಇನ್ನೂರೈವತ್ತು ವರ್ಷಗಳಲ್ಲಿ ಒಳ್ಳೊಳ್ಳೆಯ ಆವಿಷ್ಕಾರಗಳಾಗಿವೆ. ಹೆಚ್ಚಿನವನ್ನು ಅಡುಗೆಮನೆ ಮತ್ತು ಮೆಡಿಕಲ್ ಸ್ಟೋರಿನ ಸಾಮಾನಿನಿಂದಲೇ ಮನೆಯಲ್ಲಿ ಬಳಸಬಹುದು. ಯಾವ ವಾಸನೆಗೆ ಯಾವುದು ಎಂಬ ತಿಳಿವಳಿಕೆ ಒಂದಿದ್ದರೆ ಸಾಕು.

ಮೊದಲ ಹೆಜ್ಜೆ: ಮೂಲ ಹುಡುಕಿ

ನಮ್ಮ ಮನೆಯ ವಾಸನೆ ನಮಗೇ ಗೊತ್ತಾಗುವುದಿಲ್ಲ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ಹಾಗಾಗಿ ಕಿಟಕಿ ಬಾಗಿಲು ಮುಚ್ಚಿ ಹೊರಗೆ ಹೋಗಿ, ಒಂದು ಸುತ್ತು ಅಡ್ಡಾಡಿ ಬನ್ನಿ. ಒಳಗೆ ಕಾಲಿಟ್ಟ ಮೊದಲ ಒಂದೆರಡು ಉಸಿರಿನಲ್ಲಿ ಸಿಕ್ಕಿದ್ದೇ ನಿಜವಾದ ಸುಳಿವು. ಅದು ಯಾವ ಕೋಣೆಯಲ್ಲಿ ಜಾಸ್ತಿ ಎಂದು ನೋಡಿ, ಅಲ್ಲಿ ಬಗ್ಗಿ ಮೂಸಿ. ಫ್ರಿಜ್ಜಿನ ಹಿಂಬದಿ ಕೆಳಗೆ ನೀರು ಸೇರುವ ಟ್ರೇ, ವಾಷಿಂಗ್ ಮಷೀನಿನ ಬಾಗಿಲಿನ ರಬ್ಬರ್ ಮಡಿಕೆ, ಹಾಸಿಗೆಯ ಕಾಲು ಕಡೆ, ಸಿಂಕಿನ ಕೆಳಗಿನ ಕಪಾಟು, ಒರೆಸುವ ಬಟ್ಟೆ ಇಡುವ ಮೂಲೆ: ನೂರಕ್ಕೆ ತೊಂಬತ್ತು ಸಲ ಇವುಗಳಲ್ಲೊಂದು. ಮೂಲ ಸಿಗದೆ ಯಾವ ಮದ್ದು ಹಾಕಿದರೂ ದಂಡ.

ಎರಡನೆಯ ಹೆಜ್ಜೆ: ಗುಣ ಗುರುತಿಸಿ

ಶಾಲೆಯಲ್ಲಿ ಕಲಿತ ಆಮ್ಲ, ಪ್ರತ್ಯಾಮ್ಲ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೀನಿನ ನಾತ, ಹಳೇ ಮೂತ್ರದ ಕಣ್ಣುರಿಸುವ ಘಾಟು ಕ್ಷಾರ ಗುಣದವು. ಇವಕ್ಕೆ ಹುಳಿ ಬೇಕು.

ಬೆವರು, ಕಾಲುಚೀಲ, ಹಳಸಿದ ಬೆಣ್ಣೆ, ಮಗು ಹಾಲು ಕಕ್ಕಿದ ಬಟ್ಟೆ, ವಾಂತಿ ಇವೆಲ್ಲ ಆಮ್ಲ ಗುಣದವು. ಬೆಣ್ಣೆ ಮತ್ತು ವಾಂತಿಯಲ್ಲಿ ಬ್ಯುಟಿರಿಕ್ ಆಮ್ಲ, ಕಾಲುಚೀಲದಲ್ಲಿ ಐಸೋವೆಲೆರಿಕ್ ಆಮ್ಲ. ಇವಕ್ಕೆ ಅಡುಗೆ ಸೋಡಾ. ಇಲ್ಲಿ ನಿಂಬೆಹಣ್ಣು ತಿಕ್ಕಿದರೆ ಏನೂ ಆಗುವುದಿಲ್ಲ, ಏಕೆಂದರೆ ಹುಳಿಗೆ ಹುಳಿಯೇ ಮದ್ದಾಗದು.

ಕೊಳೆತ ಮೊಟ್ಟೆ, ಚರಂಡಿ, ಬೆಕ್ಕಿನ ಮೂತ್ರ, ಸತ್ತ ಇಲಿ ಇವುಗಳಲ್ಲಿ ಗಂಧಕದ ಪಾತ್ರವಿದೆ. ಗಂಧಕದ ಅಣುಗಳು ಗಾಳಿಯಲ್ಲಿ ನೂರು ಕೋಟಿಗೆ ಒಂದರಷ್ಟಿದ್ದರೂ ಮೂಗಿಗೆ ಸಿಗುತ್ತವೆ. ಹಾಗಾಗಿ ಒರೆಸಿ ಕಡಿಮೆ ಮಾಡಿದರೆ ಸಾಲದು, ಒಡೆದೇ ಹಾಕಬೇಕು.

ಇನ್ನುಳಿದದ್ದು ಮುಗ್ಗಲು ವಾಸನೆ. ಅದರ ಹಿಂದೆ ತೇವವೂ ಬೂಷ್ಟೂ ಇರುತ್ತದೆ. ತೇವ ಹೋಗುವವರೆಗೆ ಅದು ಹೋಗದು.

ಮೀನು: ಹುಳಿ ಮೊದಲು, ಸೋಪು ಆಮೇಲೆ

ಸಮುದ್ರದ ಮೀನು ಉಪ್ಪುನೀರಿನ ಒತ್ತಡ ತಾಳಿಕೊಳ್ಳಲು ಮೈಯಲ್ಲಿ ಟ್ರೈಮಿಥೈಲಮೈನ್ ಆಕ್ಸೈಡ್ ಎಂಬ ವಸ್ತುವನ್ನು ಇಟ್ಟುಕೊಂಡಿರುತ್ತದೆ. ಅದಕ್ಕೆ ವಾಸನೆಯಿಲ್ಲ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಗಳು ಅದರಲ್ಲಿನ ಆಮ್ಲಜನಕ ಕಿತ್ತುಕೊಂಡು ಟ್ರೈಮಿಥೈಲಮೈನ್ ಮಾಡುತ್ತವೆ. ಮೀನಿನ ನಾತ ಎಂದು ನಾವು ಹೇಳುವುದು ಇದನ್ನೇ. ಇದು ಸುಮಾರು 3 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದು ಅನಿಲವಾಗುವುದರಿಂದ ಅಡುಗೆಮನೆಯ ಶಾಖದಲ್ಲಿ ಇಡೀ ಮನೆ ತುಂಬುತ್ತದೆ. ಆದರೆ ಹುಳಿ ತಾಗಿದೊಡನೆ ಲವಣವಾಗಿಬಿಡುತ್ತದೆ. ಲವಣ ಹಾರುವುದಿಲ್ಲ, ನೀರಲ್ಲಿ ಕರಗಿ ತೊಳೆದುಹೋಗುತ್ತದೆ.

ಕರಾವಳಿಯ ಮೀನು ಸಾರಿನಲ್ಲಿ ಹುಣಸೆಯೋ ಪುನರ್ಪುಳಿಯೋ ಬಿಂಬುಳಿಯೋ ಬೀಳದೆ ಇರುವುದಿಲ್ಲ. ರುಚಿಯ ಜೊತೆಗೆ ಅದು ಮಾಡುವ ಕೆಲಸ ಇದೂ ಹೌದು.

ಮನೆಯಲ್ಲಿ ಹೀಗೆ ಮಾಡಿ. ಹುರುಪೆ ತೆಗೆದು, ಕಿವಿರು ಮತ್ತು ಹೊಟ್ಟೆ ಪೂರ್ತಿ ಶುಚಿಮಾಡಿ, ಬೆನ್ನುಮೂಳೆಗೆ ಅಂಟಿದ ಕಪ್ಪುರಕ್ತವನ್ನು ಉಗುರಿನಿಂದ ಕೆರೆದು ತೆಗೆಯಿರಿ. ಬ್ಯಾಕ್ಟೀರಿಯ ಹೆಚ್ಚಿರುವುದು ಅಲ್ಲೇ. ಕಲ್ಲುಪ್ಪು ಹಾಕಿ ತಿಕ್ಕಿದರೆ ಮೇಲಿನ ಲೋಳೆ ಬಿಡುತ್ತದೆ. ತೊಳೆದು, ನೀರಾದ ಹುಣಸೆ ರಸದಲ್ಲಿ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ತೊಳೆಯಿರಿ. ಅದಕ್ಕಿಂತ ಹೆಚ್ಚು ಬಿಟ್ಟರೆ ಮೆತ್ತಗಿನ ಮೀನು ಅಂಚಿನಲ್ಲಿ ಬಿಳಿಚಿಕೊಂಡು ಪುಡಿಯಾಗತೊಡಗುತ್ತದೆ.

ಕೈ, ಚಾಕು, ಹಲಗೆ, ಸಿಂಕು ತೊಳೆಯುವಾಗ ಸರದಿ ಮುಖ್ಯ. ಬಾರ್ ಸೋಪು ಕ್ಷಾರ. ಮೊದಲೇ ಸೋಪು ಹಚ್ಚಿದರೆ ಅಲ್ಲಿಲ್ಲಿ ಅಂಟಿ ಕೂತಿದ್ದ ಟ್ರೈಮಿಥೈಲಮೈನ್ ಬಿಡುಗಡೆಯಾಗಿ ಮೇಲೇಳುತ್ತದೆ. ಎಷ್ಟು ತೊಳೆದರೂ ಕೈ ನಾರುತ್ತದೆ ಎನ್ನುವವರು ಈ ಸರದಿ ಬದಲಿಸಿ ನೋಡಬೇಕು. ಹಿಂಡಿದ ನಿಂಬೆ ಸಿಪ್ಪೆ ಅಥವಾ ಹುಣಸೆ ಚರಟದಿಂದ ಉಗುರಿನ ಸಂದಿಯನ್ನೂ ಸೇರಿಸಿ ತಿಕ್ಕಿ, ತಣ್ಣೀರಲ್ಲಿ ತೊಳೆದು, ಆಮೇಲೆ ಸೋಪು ಹಾಕಿ.

ಕೆರೆ ಮೀನಿನ ಕಥೆ ಬೇರೆ. ಕಾಟ್ಲಾ, ರೋಹು ಮುಂತಾದವುಗಳಲ್ಲಿ ಬರುವ ಮಣ್ಣು ವಾಸನೆಗೆ ಕಾರಣ ಜಿಯೋಸ್ಮಿನ್. ಮಣ್ಣಿನ ಬ್ಯಾಕ್ಟೀರಿಯಗಳು ಮತ್ತು ನೀರಿನ ನೀಲಿ-ಹಸಿರು ಪಾಚಿ ಅದನ್ನು ತಯಾರಿಸುತ್ತವೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ನ್ಯಾನ್ಸಿ ಗರ್ಬರ್ ಮತ್ತು ಹ್ಯೂಬರ್ಟ್ ಲಶೆವಾಲಿಯರ್ 1965ರಲ್ಲಿ ಅದನ್ನು ಬೇರ್ಪಡಿಸಿ ಹೆಸರಿಟ್ಟರು. ಮೊದಲ ಮಳೆಗೆ ನೆಲದಿಂದ ಏಳುವ ಪರಿಮಳದಲ್ಲೂ ಇದೇ ಅಣು ಇದೆ. ಮಳೆಯಲ್ಲಿ ಮನಸ್ಸಿಗೆ ಹಿತವಾದದ್ದು ತಟ್ಟೆಯಲ್ಲಿ ಸೇರುವುದಿಲ್ಲ. ಇದು ಕ್ಷಾರವಲ್ಲ, ಆದರೂ ಹುಳಿಯಲ್ಲಿ ಒಡೆದು ವಾಸನೆ ಕಳೆದುಕೊಳ್ಳುತ್ತದೆ. ಜಿಯೋಸ್ಮಿನ್ ಕೊಬ್ಬಿನಲ್ಲಿ ಸೇರಿಕೊಳ್ಳುವುದರಿಂದ ಚರ್ಮದ ಕೆಳಗಿನ ಕಂದು ಮಾಂಸವನ್ನು ತೆಗೆದುಹಾಕಿ, ಹುಳಿ ಮಜ್ಜಿಗೆ ಅಥವಾ ಹುಣಸೆ ರಸದಲ್ಲಿ ಅರ್ಧ ಗಂಟೆ ಇಡಿ. ಕೆರೆ ಮೀನು ಗಟ್ಟಿ, ಅಷ್ಟು ಹೊತ್ತು ತಡೆಯುತ್ತದೆ.

ಬೆವರು, ಬೂಟು, ಮಳೆಗಾಲದ ಬಟ್ಟೆ

ಆಗಷ್ಟೇ ಬಂದ ಬೆವರಿಗೆ ಹೆಚ್ಚುಕಡಿಮೆ ವಾಸನೆಯೇ ಇಲ್ಲ. ಕಂಕುಳಿನ ಬ್ಯಾಕ್ಟೀರಿಯಗಳು ಅದನ್ನು ಒಡೆದು ಆಮ್ಲಗಳನ್ನೂ ಗಂಧಕದ ಅಣುಗಳನ್ನೂ ಮಾಡಿದ ಮೇಲೆ ನಾತ ಶುರು. ಆದ್ದರಿಂದ ತಡೆಯಲು ಎರಡು ಬಗೆ: ಬ್ಯಾಕ್ಟೀರಿಯವನ್ನು ಅಡಗಿಸುವುದು, ಅಥವಾ ಬೆವರನ್ನೇ ಕಡಿಮೆ ಮಾಡುವುದು. ಮೊದಲ ಬಗೆಯ ಡಿಯೋಡರೆಂಟ್ 1888ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ 'ಮಮ್' ಎಂಬ ಹೆಸರಿನಲ್ಲಿ ಬಂತು. ಎರಡನೆಯ ಬಗೆಯ 'ಎವರ್‌ಡ್ರೈ' 1903ರಲ್ಲಿ ಬಂತು. ಅದರಲ್ಲಿದ್ದ ಅಲ್ಯೂಮಿನಿಯಂ ಕ್ಲೋರೈಡ್ ಬೆವರಿನ ರಂಧ್ರಗಳನ್ನು ತಾತ್ಕಾಲಿಕವಾಗಿ ಮುಚ್ಚುತ್ತಿತ್ತು. ಇಂದಿಗೂ ಡಬ್ಬಿಯ ಮೇಲೆ ಆಂಟಿಪರ್ಸ್ಪಿರೆಂಟ್ ಎಂದಿದ್ದರೆ ಅದರಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಅದನ್ನು ರಾತ್ರಿ, ಒಣಗಿದ ಮೈಗೆ ಹಚ್ಚಿ. ಬೆವರುತ್ತಿರುವಾಗ ಹಚ್ಚಿದರೆ ತೊಳೆದುಹೋಗುತ್ತದೆ. ಬರೀ ಬಾಡಿ ಸ್ಪ್ರೇ ಎಂದಿರುವುದು ಹೆಚ್ಚಾಗಿ ಆಲ್ಕೋಹಾಲ್ ಮತ್ತು ಸುಗಂಧ.

ಕ್ಷೌರದ ಅಂಗಡಿಯಲ್ಲಿ ಮುಖಕ್ಕೆ ತಿಕ್ಕುವ ಪಟಿಕವೂ ಅಲ್ಯೂಮಿನಿಯಂ ಲವಣವೇ. ಸ್ನಾನವಾದ ಮೇಲೆ ಒದ್ದೆ ಕಂಕುಳಿಗೆ ಒಮ್ಮೆ ಸವರಿದರೆ ಬ್ಯಾಕ್ಟೀರಿಯ ಹತೋಟಿಗೆ ಬರುತ್ತದೆ. ಬೆವರೇನೂ ನಿಲ್ಲುವುದಿಲ್ಲ, ಅದಕ್ಕೆ ಸುಗಂಧವೂ ಇಲ್ಲ, ಆದರೆ ದಿನಬಳಕೆಗೆ ಇದಕ್ಕಿಂತ ಅಗ್ಗವಾದದ್ದು ನನಗೆ ಕಂಡಿಲ್ಲ. ಡಿಯೋಡರೆಂಟಿನ ಪಟ್ಟಿಯಲ್ಲಿ ಝಿಂಕ್ ರಿಸಿನೋಲಿಯೇಟ್ ಎಂಬ ಹೆಸರಿದ್ದರೆ ಅದು ಒಳ್ಳೆಯ ಗುರುತು. ಹರಳೆಣ್ಣೆಯ ಆಮ್ಲ ಮತ್ತು ಸತು ಸೇರಿದ ಈ ಲವಣ ನಾತದ ಅಣುಗಳನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಅಡುಗೆ ಸೋಡಾ ಕಂಕುಳಿಗೆ ಬೇಡ. ಅದು ಕ್ಷಾರವಾದ್ದರಿಂದ ಹಲವರ ಚರ್ಮ ಉರಿದು ಕೆಂಪಾಗುತ್ತದೆ.

ಸೋಡಾದ ಜಾಗ ಬೂಟಿನೊಳಗೆ. ರಾತ್ರಿ ಒಂದೊಂದು ಬೂಟಿಗೆ ಒಂದೊಂದು ಚಮಚ ಉದುರಿಸಿ, ಅಲ್ಲಾಡಿಸಿ, ಬೆಳಿಗ್ಗೆ ಕೊಡವಿ. ಒಂದೇ ಜೊತೆಯನ್ನು ದಿನವೂ ಹಾಕದೆ ನಡುವೆ ಒಂದು ದಿನ ಒಣಗಲು ಬಿಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ತಲೆನೋವು ಒಣಗದ ಬಟ್ಟೆ. ಒಗೆದ ಬಟ್ಟೆಯೇ ಒದ್ದೆ ನಾಯಿಯಂತೆ ನಾರುವುದಕ್ಕೆ ಕಾರಣವನ್ನು ಜಪಾನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದರು: ಮೊರಾಕ್ಸೆಲ್ಲ ಓಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯ. ಸೋಪಿಗೆ ಸಾಯದೆ ನೂಲಿನಲ್ಲಿ ಉಳಿದು, ತೇವ ಸಿಕ್ಕಿದಾಗ ಬಟ್ಟೆಯಲ್ಲಿ ಉಳಿದ ಮೈಯ ಜಿಡ್ಡನ್ನು ತಿಂದು ಒಂದು ಕೊಬ್ಬಿನ ಆಮ್ಲ ಬಿಡುತ್ತದೆ. ಇದಕ್ಕೆ ಸುಗಂಧದ ಕಂಡಿಷನರ್ ಸುರಿಯುವುದು ಬೇಡ. ಬಟ್ಟೆ ತಡೆಯುವಷ್ಟು ಬಿಸಿಯಾದ ನೀರಿಗೆ, ಅಂದರೆ ಹತ್ತಿಗೆ ಸುಮಾರು 60 ಡಿಗ್ರಿ, ಸೋಡಿಯಂ ಪರ್ಕಾರ್ಬೊನೇಟ್ ಬೆರೆಸಿ ಒಂದು ಗಂಟೆ ನೆನೆಸಿ. ಆಕ್ಸಿಜನ್ ಬ್ಲೀಚ್ ಎಂದು ಅಂಗಡಿಯಲ್ಲಿ ಸಿಗುವುದರ ಮುಖ್ಯ ಅಂಶ ಇದೇ. ನೀರಿನಲ್ಲಿ ಇದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗುತ್ತದೆ: ಒಂದು ಬ್ಯಾಕ್ಟೀರಿಯ ಕೊಲ್ಲುತ್ತದೆ, ಇನ್ನೊಂದು ಆಮ್ಲವನ್ನು ಕಳೆಯುತ್ತದೆ. ರೇಷ್ಮೆ, ಉಣ್ಣೆಗೆ ಇದನ್ನು ಹಾಕಬೇಡಿ. ಹಿಂಡಿದ ಮೇಲೆ ಬಟ್ಟೆ ಒಂದರ ಮೇಲೊಂದು ಬೀಳದಂತೆ ಹರವಿ ಫ್ಯಾನ್ ಹಾಕಿ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತಿದ್ದ ಹಳೆಯ ಪದ್ಧತಿ ಇದೇ ಕೆಲಸ ಮಾಡುತ್ತಿತ್ತು. ಬೇಗ ಒಣಗಿದರೆ ಬ್ಯಾಕ್ಟೀರಿಯಕ್ಕೆ ತಿನ್ನಲು ಸಮಯವೇ ಇರುವುದಿಲ್ಲ.

ಬಿಸಿಲಿಗೆ ಹಾಕಿದ ಬಟ್ಟೆಯ ಹಿತವಾದ ವಾಸನೆಗೂ ರಸಾಯನವೇ ಕಾರಣ. ಕೋಪನ್‌ಹೇಗನ್‌ನ ಸಂಶೋಧಕರು 2020ರಲ್ಲಿ ಬಿಸಿಲು, ನೆರಳು, ಒಳಾಂಗಣ ಮೂರರಲ್ಲೂ ಟವೆಲ್ ಒಣಗಿಸಿ ನೋಡಿದಾಗ, ಬಿಸಿಲಿನದ್ದರಲ್ಲಿ ಮಾತ್ರ ಕೆಲವು ಆಲ್ಡಿಹೈಡ್‌ಗಳು, ಕೀಟೋನ್‌ಗಳು ಹೊಸದಾಗಿ ಹುಟ್ಟಿದ್ದು ಕಂಡವು. ಇಂಥ ಆಲ್ಡಿಹೈಡ್‌ಗಳನ್ನು ಅತ್ತರು ತಯಾರಕರೂ ಬಳಸುತ್ತಾರೆ. ಬಿಸಿಲಿರುವ ದಿನ ಅದನ್ನು ಬಿಟ್ಟು ಬೇರೆ ಸುಗಂಧ ಹುಡುಕಬೇಡಿ.

ಬೀರುವಿನಲ್ಲಿಡುವ ನುಸಿಗುಳಿಗೆಯ ಬಗ್ಗೆ ಒಂದು ಎಚ್ಚರಿಕೆ. ನ್ಯಾಫ್ತಲೀನ್ ಗುಳಿಗೆಯ ಆವಿ ಅಂಟಿದ ಬಟ್ಟೆ, ಕಂಬಳಿಯನ್ನು ಎಳೆಮಗುವಿಗೆ ಹಾಕಬೇಡಿ. ಹುಟ್ಟಿನಿಂದಲೇ ಜಿ6ಪಿಡಿ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆದು ಜೀವಕ್ಕೇ ಅಪಾಯ ತರಬಲ್ಲದು. ಕೊರತೆ ಇರುವುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ.

ಹಾಸಿಗೆ, ಸೋಫಾ, ಬೆಕ್ಕು: ಪೆರಾಕ್ಸೈಡ್ ಕೆಲಸ ಮಾಡುವ ರೀತಿ

ಮಗು ಹಾಸಿಗೆ ಒದ್ದೆ ಮಾಡಿದಾಗ ಮೊದಲಿಗೆ ವಾಸನೆ ಅಷ್ಟಿರುವುದಿಲ್ಲ. ಬ್ಯಾಕ್ಟೀರಿಯಗಳು ಯೂರಿಯವನ್ನು ಒಡೆದು ಅಮೋನಿಯ ಮಾಡಿದಾಗ ಘಾಟು ಬರುತ್ತದೆ. ಬೆಕ್ಕಿನ ಮೂತ್ರದಲ್ಲಿ ಇದರ ಜೊತೆಗೆ ಫೆಲಿನೈನ್ ಎಂಬ ಅಮೈನೋ ಆಮ್ಲವಿದ್ದು, ಅದು ನಿಧಾನವಾಗಿ ಒಡೆದು ಗಂಧಕವಿರುವ ಥಯೋಲ್ ಆಗುತ್ತದೆ. ಗಂಡು ಬೆಕ್ಕಿನಲ್ಲಿ ಇದು ಇನ್ನೂ ಹೆಚ್ಚು. ಹೊತ್ತು ಕಳೆದಷ್ಟೂ ನಾತ ಏರುವುದು ಇದರಿಂದ.

ಥಯೋಲ್‌ಗೆ ಮದ್ದು ಸಿಕ್ಕಿದ ಕಥೆ ಹೇಳಲೇಬೇಕು. ಪಾಲ್ ಕ್ರೆಬಾಮ್ ಎಂಬ ಅಮೆರಿಕದ ರಸಾಯನತಜ್ಞ ಪ್ರಯೋಗಾಲಯದಲ್ಲಿ ಹೈಡ್ರೋಜನ್ ಸಲ್ಫೈಡ್‌ನ ದುರ್ವಾಸನೆ ಹೊರಗೆ ಹೋಗದಂತೆ ಕ್ಷಾರದಲ್ಲಿ ಬೆರೆಸಿದ ಪೆರಾಕ್ಸೈಡ್ ಬಳಸುತ್ತಿದ್ದರು. ಸಹೋದ್ಯೋಗಿಯೊಬ್ಬರ ಬೆಕ್ಕಿಗೆ ಸ್ಕಂಕ್ ಎಂಬ ಪ್ರಾಣಿ ತನ್ನ ದುರ್ನಾತದ ದ್ರವ ಚಿಮ್ಮಿಸಿದಾಗ, ಅದೇ ವಿಧಾನವನ್ನು ಪ್ರಾಣಿಯ ಮೈಗೆ ತಡೆಯುವಷ್ಟು ಸೌಮ್ಯಗೊಳಿಸಿ ಕೊಟ್ಟರು. ಸ್ಕಂಕ್‌ನ ದ್ರವದ ಮುಖ್ಯ ಅಂಶ ಥಯೋಲ್‌ಗಳು. ಪೆರಾಕ್ಸೈಡ್ ಅವಕ್ಕೆ ಆಮ್ಲಜನಕ ಸೇರಿಸಿ, ವಾಸನೆಯಿಲ್ಲದ, ನೀರಲ್ಲಿ ಕರಗುವ ಸಲ್ಫೋನೇಟ್ ಆಗಿಸುತ್ತದೆ. 1993ರಲ್ಲಿ ಪ್ರಕಟವಾದ ಈ ಸೂತ್ರವನ್ನು ಬಾಟಲಿಯಲ್ಲಿ ತುಂಬಿ ಮಾರಲು ಬರುವುದಿಲ್ಲ: ಬೆರೆಸಿದ ಕೂಡಲೇ ಆಮ್ಲಜನಕ ಬಿಡತೊಡಗುವುದರಿಂದ ಮುಚ್ಚಿದ ಬಾಟಲಿ ಸಿಡಿಯುತ್ತದೆ. ಹೀಗಾಗಿ ಅದು ಯಾರ ಸ್ವತ್ತೂ ಆಗದೆ ಎಲ್ಲರದಾಯಿತು. ನನಗೆ ಬಹಳ ಇಷ್ಟವಾದ ಆವಿಷ್ಕಾರ ಇದು.

ಅಳತೆ ಹೀಗಿದೆ: 3 ಶೇಕಡದ ಹೈಡ್ರೋಜನ್ ಪೆರಾಕ್ಸೈಡ್ ಒಂದು ಲೀಟರ್, ಅಡುಗೆ ಸೋಡಾ ಕಾಲು ಕಪ್, ಪಾತ್ರೆ ತೊಳೆಯುವ ದ್ರವ ಒಂದು ಟೀ ಚಮಚ. ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಸಾಮಾನ್ಯವಾಗಿ ಸಿಗುವುದು 6 ಶೇಕಡದ್ದು, ಲೇಬಲ್ ಓದಿ. 6 ಎಂದಿದ್ದರೆ ಅಷ್ಟೇ ನೀರು ಬೆರೆಸಿದರೆ 3 ಆಗುತ್ತದೆ. ಹಾಸಿಗೆಯ ಒಂದು ಕಲೆಗೆ ಇಡೀ ಲೀಟರ್ ಬೇಕಿಲ್ಲ: ಒಂದು ಲೋಟ ಪೆರಾಕ್ಸೈಡ್, ಒಂದು ಚಮಚ ಸೋಡಾ, ಎರಡು ಹನಿ ದ್ರವ ಸಾಕು.

ಮೊದಲು ಒಣ ಬಟ್ಟೆ ಇಟ್ಟು ಮೇಲಿಂದ ಒತ್ತಿ ಒತ್ತಿ ತೇವ ಹೀರಿಸಿ. ಉಜ್ಜಿದರೆ ಒಳಗಿಳಿಯುತ್ತದೆ. ವಿನಿಗರ್ ಮತ್ತು ನೀರು ಸಮ ಪ್ರಮಾಣದಲ್ಲಿ ಬೆರೆಸಿ ಕಲೆಯ ಮೇಲೆ ಹಾಕಿ, ಐದು ನಿಮಿಷ ಬಿಟ್ಟು ಮತ್ತೆ ಒತ್ತಿ ತೆಗೆಯಿರಿ. ಅಮೋನಿಯ ಇಲ್ಲಿಗೆ ಲವಣವಾಯಿತು. ಈಗ ಬರೀ ನೀರಿನಿಂದ ವಿನಿಗರನ್ನು ಪೂರ್ತಿ ತೆಗೆಯಬೇಕು, ಈ ಹೆಜ್ಜೆ ಬಿಡಬೇಡಿ. ಆಮೇಲೆ ತೆರೆದ ಬಟ್ಟಲಲ್ಲಿ ಪೆರಾಕ್ಸೈಡ್ ಮಿಶ್ರಣವನ್ನು ಆಗಲೇ ಬೆರೆಸಿ, ಕೈಗವಸು ಹಾಕಿಕೊಂಡು ಹಚ್ಚಿ. ಕಲೆಯ ಅಂಚಿನಿಂದ ಸಣ್ಣ ಗುಳ್ಳೆಗಳು ಏಳತೊಡಗುತ್ತವೆ, ಕಿವಿಯಿಟ್ಟರೆ ಸರಸರ ಸದ್ದು ಕೇಳುತ್ತದೆ. ಗುಳ್ಳೆ ನಿಂತ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ. ಬಣ್ಣದ ಬಟ್ಟೆಯಾದರೆ ಮೊದಲೇ ಮರೆಯಲ್ಲಿರುವ ಮೂಲೆಯಲ್ಲಿ ಹಚ್ಚಿ ನೋಡಿ, ಬಣ್ಣ ಬಿಡಬಹುದು. ಉಳಿದ ಮಿಶ್ರಣವನ್ನು ಸಿಂಕಿಗೆ ಸುರಿದುಬಿಡಿ. ಸ್ಪ್ರೇ ಬಾಟಲಿಯಲ್ಲಿ ಎತ್ತಿಡಬೇಡಿ.

ಹಳೇ ಕಲೆ ಮಳೆಗಾಲದಲ್ಲಿ ಮತ್ತೆ ನಾರಿದರೆ ಕಾರಣ ಯೂರಿಕ್ ಆಮ್ಲದ ಹರಳುಗಳು. ಅವು ನೀರಲ್ಲಿ ಸರಿಯಾಗಿ ಕರಗುವುದಿಲ್ಲ. ಆಗ ಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವದ ದ್ರಾವಣವನ್ನು ಕಲೆಗೆ ಪೂರ್ತಿ ಇಳಿಯುವಂತೆ ಹಾಕಿ, ಬೇಗ ಒಣಗದಂತೆ ಮುಚ್ಚಿ ಒಂದು ರಾತ್ರಿ ಬಿಡಬೇಕು. ಕಿಣ್ವಕ್ಕೆ ಸಮಯ ಬೇಕು. ಹಾಕಿ ಒರೆಸಿದರೆ ದುಡ್ಡು ವ್ಯರ್ಥ.

ನಿಮ್ಮ ನಾಯಿ ಯಾವುದೋ ಸತ್ತ ಪ್ರಾಣಿಯ ಮೇಲೆ ಹೊರಳಿ ಬಂದರೂ ಇದೇ ಒಂದು ಲೀಟರಿನ ಸೂತ್ರ. ಕಣ್ಣು, ಬಾಯಿಗೆ ತಾಗದಂತೆ ಹಚ್ಚಿ, ಐದು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಕಪ್ಪು ಕೂದಲು ಸ್ವಲ್ಪ ಕೆಂಚಾಗಬಹುದು.

ಬಚ್ಚಲು: ಒಂದು ಚೊಂಬು ನೀರಿನ ಮದ್ದು

ಬಳಸದ ಬಾತ್‌ರೂಮಿನಲ್ಲೇ ನಾತ ಹೆಚ್ಚು ಎಂದರೆ ಗಾಬರಿಯಾಗಬೇಡಿ, ಫಿನಾಯಿಲ್ ಕೂಡ ಸುರಿಯಬೇಡಿ. ಲಂಡನ್ನಿನ ವಾಚ್ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಪೇಟೆಂಟ್ ಪಡೆದ ಎಸ್ ಆಕಾರದ ಕೊಳವೆ ಇಂದಿಗೂ ನಮ್ಮ ಮನೆಗಳನ್ನು ಕಾಯುತ್ತಿದೆ. ಬಾಗಿದ ಕೊಳವೆಯಲ್ಲಿ ನಿಂತ ಒಂದಿಷ್ಟು ನೀರು ಚರಂಡಿಯ ಅನಿಲವನ್ನು ಮೇಲೆ ಬಿಡುವುದಿಲ್ಲ. ಬಾತ್‌ರೂಮ್ ನೆಲದ ನಹಾನಿ ಟ್ರ್ಯಾಪ್ ಕೂಡ ಇದೇ ತತ್ವದ್ದು. ವಾರಗಟ್ಟಲೆ ಬಳಸದಿದ್ದರೆ ಆ ನೀರು ಆವಿಯಾಗಿ ದಾರಿ ತೆರೆದುಕೊಳ್ಳುತ್ತದೆ. ಒಂದು ಚೊಂಬು ನೀರು ಹುಯ್ಯಿರಿ. ಬೇಸಿಗೆ ರಜೆಗೆ ಊರಿಗೆ ಹೊರಡುವಾಗ ನೀರಿನ ಮೇಲೆ ಎರಡು ಚಮಚ ಎಣ್ಣೆ ಬಿಟ್ಟರೆ ಆವಿಯಾಗುವುದು ತಡವಾಗುತ್ತದೆ. ನೀರು ಹುಯ್ದರೂ ನಾತ ನಿಲ್ಲದಿದ್ದರೆ ಟ್ರ್ಯಾಪ್ ಒಡೆದಿದೆ ಅಥವಾ ಇಲ್ಲವೇ ಇಲ್ಲ; ಪ್ಲಂಬರನ್ನು ಕರೆಯಿರಿ.

ಇಲ್ಲೊಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಚರಂಡಿಯ ಹೈಡ್ರೋಜನ್ ಸಲ್ಫೈಡ್ ಕಡಿಮೆಯಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹತ್ತು ಲಕ್ಷಕ್ಕೆ ನೂರರಷ್ಟು ದಾಟಿದರೆ ಮೂಗಿನ ನರಗಳೇ ಮರಗಟ್ಟಿ ವಾಸನೆ ನಿಂತುಹೋಗುತ್ತದೆ. ಗುಂಡಿಗಿಳಿದವನಿಗೆ 'ವಾಸನೆ ಹೋಯಿತು' ಅನ್ನಿಸುವ ಹೊತ್ತಿಗೆ ಸಾವು ಹತ್ತಿರ ಬಂದಿರುತ್ತದೆ. ಒಬ್ಬರನ್ನು ಎತ್ತಲು ಇಳಿದ ಇನ್ನೊಬ್ಬರೂ ಸಾಯುವುದು ಹೀಗೆಯೇ. ಮಲದ ಗುಂಡಿಗೆ, ಮ್ಯಾನ್‌ಹೋಲಿಗೆ ಸುರಕ್ಷಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಯಂತ್ರದ ಲಾರಿ ಬರುವವರೆಗೆ ಕಾಯಿರಿ, ಎಷ್ಟೇ ನಾತವಿರಲಿ.

ಹಿಡಿದಿಡುವ ಮದ್ದುಗಳು

ಫ್ರಿಜ್, ಕಪಾಟು, ಕಾರಿನೊಳಗಿನ ಬಗೆಬಗೆಯ ಬೆರಕೆ ವಾಸನೆಗೆ ಆಮ್ಲ, ಕ್ಷಾರದ ಲೆಕ್ಕ ಹಿಡಿಯುವುದಿಲ್ಲ. ಅಲ್ಲಿ ಬೇಕಾದದ್ದು ಆಕ್ಟಿವೇಟೆಡ್ ಇದ್ದಿಲು. ತೆಂಗಿನ ಚಿಪ್ಪಿನ ಇದ್ದಿಲನ್ನು ಹಬೆಯಲ್ಲಿ ಬಹಳ ಬಿಸಿಮಾಡಿದಾಗ ಕಣ್ಣಿಗೆ ಕಾಣದ ರಂಧ್ರಗಳು ಹುಟ್ಟಿ, ಒಂದು ಗ್ರಾಮಿನ ಒಳಮೈ ಸಾವಿರ ಚದರ ಮೀಟರನ್ನೂ ಮುಟ್ಟುತ್ತದೆ. ವಾಸನೆಯ ಅಣುಗಳು ಅಲ್ಲಿ ಅಂಟಿಕೊಳ್ಳುತ್ತವೆ. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ತಡೆಯಲು ರಷ್ಯದ ನಿಕೊಲಾಯ್ ಝೆಲಿನ್ಸ್ಕಿ 1915ರಲ್ಲಿ ಮಾಡಿದ ಮುಖವಾಡದ ಒಳಗಿದ್ದದ್ದೂ ಇದ್ದಿಲೇ. ಒಲೆಯ ಇದ್ದಿಲು ಇಷ್ಟು ಹಿಡಿಯದು. ಅಕ್ವೇರಿಯಂ ಅಂಗಡಿಯಲ್ಲಿ ಕಾಳಿನಂತೆ ಸಿಗುವುದನ್ನು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ನಡು ತಟ್ಟೆಯಲ್ಲಿಡಿ. ತಿಂಗಳಿಗೊಮ್ಮೆ ಕಡು ಬಿಸಿಲಿಗೆ ಹಾಕಿದರೆ ತೇವವೂ ಸ್ವಲ್ಪ ವಾಸನೆಯೂ ಬಿಟ್ಟು ಮತ್ತೆ ಕೆಲಸಕ್ಕೆ ಬರುತ್ತದೆ, ಹೊಸದರಷ್ಟಲ್ಲ.

ಫ್ರಿಜ್ಜಿನಲ್ಲಿ ಸೋಡಾ ಡಬ್ಬಿ ಇಡುವ ರೂಢಿಯನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಡಬ್ಬಿಯಲ್ಲಿ ಗಾಳಿಗೆ ತಾಗುವುದು ಮೇಲ್ಪದರ ಮಾತ್ರ, ಮೀನು ಈರುಳ್ಳಿ ವಾಸನೆಗೆ ಸೋಡಾ ಮದ್ದೂ ಅಲ್ಲ. ಅದೇ ಸೋಡಾವನ್ನು ನೀರಲ್ಲಿ ಕಲಸಿ ಒಳಗೆಲ್ಲ ಒರೆಸಿದರೆ ನಿಜವಾಗಿ ಪ್ರಯೋಜನವಿದೆ.

ಬಟ್ಟೆ, ಪರದೆಗೆ ಹೊಡೆಯುವ ಸ್ಪ್ರೇಗಳಲ್ಲಿ ಒಂದು ಬಗೆ ಬರೀ ಸುಗಂಧ. ಇನ್ನೊಂದರಲ್ಲಿ ಸೈಕ್ಲೋಡೆಕ್ಸ್ಟ್ರಿನ್ ಇರುತ್ತದೆ. ಪಿಷ್ಟದಿಂದ ಮಾಡುವ ಈ ಅಣು ಉದ್ದಿನ ವಡೆಯ ಆಕಾರದ್ದು, ನಡುವಿನ ತೂತಿನಲ್ಲಿ ಎಣ್ಣೆಗುಣದ ವಾಸನೆಯ ಅಣು ಹೋಗಿ ಕೂರುತ್ತದೆ. ಫ್ರಾನ್ಸಿನ ರಸಾಯನತಜ್ಞ ವಿಲಿಯೆ 1891ರಲ್ಲಿ ಕಂಡದ್ದನ್ನು ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪನಿ ಒಂದು ಶತಮಾನ ಕಳೆದ ಮೇಲೆ ಫೆಬ್ರೀಜ್ ಹೆಸರಿನಲ್ಲಿ ಮನೆಗಳಿಗೆ ತಂದಿತು. ಕೊಳ್ಳುವಾಗ ಪಟ್ಟಿಯಲ್ಲಿ ಈ ಹೆಸರು ಹುಡುಕಿ. ಬಟ್ಟೆ ಸ್ವಲ್ಪ ಒದ್ದೆಯಾಗುವಷ್ಟು ಹೊಡೆದು ಒಣಗಲು ಬಿಡಿ. ಓಝೋನ್ ಬಿಡುವ ಯಂತ್ರಗಳನ್ನು ಮಾತ್ರ ಜನ ಇರುವ ಕೋಣೆಯಲ್ಲಿ ಹಚ್ಚಲೇಬೇಡಿ. ವಾಸನೆ ಒಡೆಯುವ ಓಝೋನ್ ಶ್ವಾಸಕೋಶವನ್ನೂ ಬಿಡುವುದಿಲ್ಲ.

ಬೆರೆಸಬಾರದವು

ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರವದ ಜೊತೆ ಟಾಯ್ಲೆಟ್ ಆಸಿಡ್, ವಿನಿಗರ್, ನಿಂಬೆ ಸೇರಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಮೂತ್ರ ನಿಂತ ಜಾಗಕ್ಕೆ ಬ್ಲೀಚ್ ಹಾಕಿದರೆ ಅಮೋನಿಯ ಸೇರಿ ಕ್ಲೋರಮೈನ್. ಎರಡೂ ಶ್ವಾಸಕೋಶ ಸುಡುತ್ತವೆ. ವಿನಿಗರ್ ಮತ್ತು ಪೆರಾಕ್ಸೈಡ್ ಒಂದೇ ಬಾಟಲಿಗೆ ಬಿದ್ದರೆ ಚರ್ಮ, ಕಣ್ಣು ಸುಡುವ ಪೆರಾಸೆಟಿಕ್ ಆಮ್ಲ. ಮನೆಗೆಲಸಕ್ಕೆ ಬರುವವರ ಕೈಗೆ ಈ ಡಬ್ಬಿಗಳನ್ನು ಕೊಡುವ ಮುನ್ನ ಇದನ್ನು ಬಾಯಿಬಿಟ್ಟು ಹೇಳಿ. ಲೇಬಲ್ ಇಂಗ್ಲಿಷಿನಲ್ಲಿರುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಉಸಿರಾಡುವವರು ಅವರು.

ಕಳೆಯಬಾರದ ಒಂದು ನಾತ

ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಅಮೆರಿಕದ ಟೆಕ್ಸಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ 1937ರ ಮಾರ್ಚ್ 18ರಂದು ಸೋರಿದ ನೈಸರ್ಗಿಕ ಅನಿಲ ಯಾರಿಗೂ ತಿಳಿಯದೆ ತುಂಬಿಕೊಂಡು ಸ್ಫೋಟಿಸಿತು. ಸತ್ತವರು ಮುನ್ನೂರರ ಸಮೀಪ, ಹೆಚ್ಚಿನವರು ಮಕ್ಕಳು. ಅದಾದ ಮೇಲೆ ಅನಿಲಕ್ಕೆ ಬೇಕೆಂದೇ ದುರ್ವಾಸನೆ ಸೇರಿಸುವ ಕಾನೂನು ಬಂತು. ನಮ್ಮ ಸಿಲಿಂಡರಿನಲ್ಲಿ ಆ ಕೆಲಸ ಮಾಡುವುದು ಈಥೈಲ್ ಮರ್ಕ್ಯಾಪ್ಟನ್, ಅದೂ ಒಂದು ಥಯೋಲ್. ಬೆಂಕಿ ಹತ್ತಿಕೊಳ್ಳಲು ಬೇಕಾದ ಪ್ರಮಾಣದ ಐದನೇ ಒಂದು ಭಾಗದಷ್ಟು ಸೋರಿದಾಗಲೇ ಮೂಗಿಗೆ ಸಿಗುವ ಹಾಗೆ ಅದನ್ನು ಬೆರೆಸುತ್ತಾರೆ.

ಈ ವಾಸನೆ ಬಂದರೆ ಮಾಡಬೇಕಾದ್ದು: ಉರಿಯುವ ಎಣ್ಣೆ ದೀಪ, ಊದುಬತ್ತಿ, ಒಲೆ ಆರಿಸಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ, ಎಕ್ಸಾಸ್ಟ್ ಫ್ಯಾನ್ ಕೂಡ. ಸ್ವಿಚ್ಚಿನ ಸಣ್ಣ ಕಿಡಿ ಸಾಕು. ರೆಗ್ಯುಲೇಟರ್ ಬಂದ್ ಮಾಡಿ, ಸಾಧ್ಯವಾದರೆ ತೆಗೆದು ಸಿಲಿಂಡರಿಗೆ ಮುಚ್ಚಳ ಹಾಕಿ. ಕಿಟಕಿ ಬಾಗಿಲು ಪೂರ್ತಿ ತೆರೆಯಿರಿ. ಎಲ್ಲರೂ ಹೊರಗೆ ಬಂದು, ಹೊರಗಿನಿಂದ 1906ಕ್ಕೆ ಫೋನ್ ಮಾಡಿ. ಎಲ್‌ಪಿಜಿ ಸೋರಿಕೆಯ ತುರ್ತು ಸಂಖ್ಯೆ ಅದು, ದಿನವಿಡೀ ಇರುತ್ತದೆ.

ಆದರೆ ಮೂಗನ್ನೊಂದೇ ನಂಬಿ ಕೂರಲಾಗದು. ನೆಗಡಿ, ವಯಸ್ಸು, ಕೋವಿಡ್ ಬಂದು ಹೋದದ್ದು ಇವೆಲ್ಲ ವಾಸನೆಯ ಶಕ್ತಿಯನ್ನು ತಗ್ಗಿಸುತ್ತವೆ. ನಿದ್ದೆಯಲ್ಲಿರುವವರನ್ನು ವಾಸನೆ ಎಬ್ಬಿಸುತ್ತದೆಂಬ ಭರವಸೆಯಿಲ್ಲ. ಸಿಲಿಂಡರ್ ಬದಲಿಸಿದಾಗಲೆಲ್ಲ ಸೋಪಿನ ನೀರನ್ನು ರೆಗ್ಯುಲೇಟರ್, ಟ್ಯೂಬ್ ಸೇರುವ ಜಾಗಕ್ಕೆ ಸವರಿ ಗುಳ್ಳೆ ಏಳುತ್ತದೆಯೇ ನೋಡಿ. ವಯಸ್ಸಾದವರು ಒಬ್ಬರೇ ಇರುವ ಮನೆಯಾದರೆ ಗ್ಯಾಸ್ ಅಲಾರಂ ಹಾಕಿಸಿ, ಎಲ್ಲಿ ಎಂಬುದನ್ನು ಗಮನಿಸಿ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಅಲಾರಂ ನೆಲದಿಂದ ಒಂದಡಿಯೊಳಗಿರಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಬಹುಪಾಲು ಮೀಥೇನ್, ಅದು ಹಗುರ, ಮೇಲೇರುತ್ತದೆ. ಅಲ್ಲಿ ಅಲಾರಂ ಚಾವಣಿಯಿಂದ ಒಂದಡಿಯೊಳಗೆ. ಬೆಂಗಳೂರಿನಲ್ಲಿ ಸಿಲಿಂಡರ್ ಬಿಟ್ಟು ಪೈಪ್ ಗ್ಯಾಸಿಗೆ ಬದಲಾಗುತ್ತಿರುವ ಮನೆಗಳವರು ಹಳೇ ಅಲಾರಮನ್ನು ಕೆಳಗೇ ಬಿಡದೆ, ಅದು ಮೀಥೇನನ್ನೂ ಗುರುತಿಸುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿ, ಮೇಲಕ್ಕೆ ಸರಿಸಿ.